ಕಾಣೆಯಾದ ಹೆಂಗಸರನ್ನು ಹುಡುಕಿದ ಮೇಡಂ

ಕಂಪ್ಯೂಟರು ಮುಟ್ಟುವ ಮುಂಚೆ ಕೈ ತೊಳೆದುಕೊಂಡು ಬಾ ಎಂದು ನನಗೆ ಹೇಳಿದವರು ಅವರೊಬ್ಬರೇ. ತೊಳೆದರೆ ಸಾಲದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವಂತಿಲ್ಲ. ಬಾಗಿಲ ಹಿಂದೆ ಅದಕ್ಕೆಂದೇ ಒಂದು ಟವೆಲು ನೇತುಹಾಕಿದ್ದರು. ಭಾನುವಾರ ಬೆಳಿಗ್ಗೆ ನಾನು ಪಾಲಹಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಅವರ ಮನೆ ಸೇರುವ ಹೊತ್ತಿಗೆ, ಹಜಾರದ ಕಂಪ್ಯೂಟರಿಗೆ ಹೊದಿಸಿದ್ದ ಹಳೆ ಸೀರೆಯ ತುಂಡನ್ನು ಅವರು ಮಡಿಸಿಡುತ್ತಿದ್ದರು. ನನ್ನ ಮುಖವನ್ನೇ ನೋಡುತ್ತಿರಲಿಲ್ಲ, ಕೈಯನ್ನು ನೋಡುತ್ತಿದ್ದರು.

"ಸೊಪ್ಪು ತಂದ್ಯಾ ಅಮ್ಮಿ? ಅಲ್ಲಿಡು. ಕೈ ತೊಳ್ಕೊ."

ನಮ್ಮೂರ ನಾಲೆ ಬದಿಯ ಹೊನಗೊನೆ ಸೊಪ್ಪೆಂದರೆ ಅವರಿಗೆ ಪ್ರಾಣ. ಅವರು ನನ್ನಿಂದ ತೆಗೆದುಕೊಂಡ ಗುರುದಕ್ಷಿಣೆ ಅದೊಂದೇ.

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಫೋನು ಇಟ್ಟವಳು, ಯಾಕೋ ಏನೋ, ನಲ್ಲಿ ತಿರುಗಿಸಿ ಕೈ ತೊಳೆದುಕೊಂಡೆ. ಅಳು ಬಂದದ್ದು ಆಮೇಲೆ.

ತೊಂಬತ್ತರ ದಶಕದ ನಡುವಿನ ಮಾತಿದು. ನಾನಾಗ ಕೆ.ಆರ್. ಪೇಟೆಯ ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಕೆಲಸ ಖಾಯಂ ಆಗಿರಲಿಲ್ಲ. ಪಿಎಚ್‌ಡಿ ಮುಗಿಸಿಕೊಂಡು ಬನ್ನಿ, ನೋಡೋಣ ಎಂದು ಆಡಳಿತ ಮಂಡಳಿಯವರು ಮೂಗಿಗೆ ತುಪ್ಪ ಸವರಿದ್ದರು. ಗ್ರಾಮ ಪಂಚಾಯ್ತಿಗಳಿಗೆ ಮೀಸಲಾತಿಯ ಮೇಲೆ ಹೆಂಗಸರು ಗುಂಪು ಗುಂಪಾಗಿ ಆರಿಸಿ ಬಂದಿದ್ದ ಹೊಸತು. ಅವರು ತಾವೇ ಆಡಳಿತ ಮಾಡುತ್ತಾರೋ, ಗಂಡ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಾರೋ ಎನ್ನುವುದು ನನ್ನ ಸಂಶೋಧನೆಯ ಪ್ರಶ್ನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಸದಸ್ಯೆಯರನ್ನು ಮಾತಾಡಿಸುವುದೆಂದು ಒಪ್ಪಿಗೆ ಪಡೆದಿದ್ದೆ. ಒಂದು ದಿನ ಮೈಸೂರಿನಲ್ಲಿದ್ದ ನನ್ನ ಗೈಡು, "ಈಗೆಲ್ಲ ಕಂಪ್ಯೂಟರಲ್ಲಿ ಅನಾಲಿಸಿಸ್ ಮಾಡದೆ ಇದ್ರೆ ಯಾರೂ ಮೂಸಿ ನೋಡಲ್ಲಮ್ಮ" ಎಂದುಬಿಟ್ಟರು. ಲೆಕ್ಕಕ್ಕೆ ಹೆದರಿ ರಾಜ್ಯಶಾಸ್ತ್ರಕ್ಕೆ ಸೇರಿಕೊಂಡವಳು ನಾನು. ಯಾವ ಹುಲಿಯಿಂದ ತಪ್ಪಿಸಿಕೊಂಡು ಬಂದಿದ್ದೆನೋ ಅದೇ ಬೀದಿ ಕೊನೆಯಲ್ಲಿ ಕೂತು ಕಾಯುತ್ತಿದ್ದ ಹಾಗಾಯಿತು.

ಆಗ ಯಾರೋ ಇವರ ವಿಳಾಸ ಕೊಟ್ಟರು. ಮಂಡ್ಯದ ಕಾಲೇಜೊಂದರಲ್ಲಿ ಸ್ಟಾಟಿಸ್ಟಿಕ್ಸ್ ಕಲಿಸುತ್ತಿದ್ದ ಮೇಡಂ, ಮನೆಯಲ್ಲೇ ಕಂಪ್ಯೂಟರು ಇಟ್ಟುಕೊಂಡಿದ್ದಾರೆ, ಬಾಯಿ ಜೋರು, ಮನಸ್ಸು ಒಳ್ಳೆಯದು ಎಂದರು. ಮೂರೂ ನಿಜ. ಬಾಯಿಯ ವಿಷಯ ಮಾತ್ರ ಸ್ವಲ್ಪ ಕಡಿಮೆ ಮಾಡಿ ಹೇಳಿದ್ದರು.

ಅವರು ನಾಗಮಂಗಲದ ಅಕ್ಕಸಾಲಿಗರ ಮನೆಯ ಮಗಳು. ಅದು ಅವರ ಕೈಯಲ್ಲೇ ಗೊತ್ತಾಗುತ್ತಿತ್ತು. ಫ್ಲಾಪಿಯನ್ನು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದರು. ಕೀಲಿಮಣೆಯ ಸಂದಿಗಳಿಗೆ ಉಫ್ ಎಂದು ಮೆಲ್ಲಗೆ ಊದುತ್ತಿದ್ದರು. ಪರದೆಯ ಮೇಲೆ ಅನುಮಾನ ಬರುವಂಥದ್ದೇನಾದರೂ ಕಂಡರೆ ಒಂದು ಕಣ್ಣು ಮುಚ್ಚಿ, ಕತ್ತು ಮುಂದೆ ಚಾಚಿ, ಓಲೆಯ ಹರಳು ನೋಡುವ ಹಾಗೆ ನೋಡುತ್ತಿದ್ದರು. ಅವರ ತಂದೆಯ ಅಂಗಡಿಯಲ್ಲಿ ಗುಡಿಸಿದ ಕಸವನ್ನು ಬೀದಿಗೆ ಹಾಕುತ್ತಿರಲಿಲ್ಲವಂತೆ. ಡಬ್ಬಿಗೆ ತುಂಬಿಟ್ಟು, ಜರಡಿ ಹಿಡಿದು, ತೊಳೆದು, ಅದರೊಳಗಿನ ಚಿನ್ನದ ಪುಡಿ ತೆಗೆಯುತ್ತಿದ್ದರಂತೆ. ಅದನ್ನೇ ಇವರು ಸ್ಟಾಟಿಸ್ಟಿಕ್ಸಿಗೆ ತಂದಿದ್ದರು. ಕಂಪ್ಯೂಟರು ಒಂದು ಕೋಷ್ಟಕ ಕೊಟ್ಟ ಕೂಡಲೇ ನಾನು ಶೇಕಡಾವಾರು ನೋಡಲು ಹೋದರೆ ಕೈ ಮೇಲೆ ಒಂದು ಬೀಳುತ್ತಿತ್ತು.

"ಬಂದದ್ದು ಆಮೇಲೆ ನೋಡು. ಬಿದ್ದುಹೋದದ್ದು ಏನು, ಅದನ್ನ ಮೊದಲು ನೋಡು. ಕೆಳಗಡೆ ಒಟ್ಟು ಎಷ್ಟು ಅಂತ ಬರೆದಿರ್ತದೆ. ನೀನು ಕೊಟ್ಟಷ್ಟು ಇದೆಯಾ?"

ಅವರ ಯಜಮಾನರು ಪಾಂಡವಪುರದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದವರು. ಮೆತ್ತಗಿನ ಮನುಷ್ಯ. ಕಾಫಿ ಮಾಡಿ ತಂದು ಬಾಗಿಲಲ್ಲಿ ನಿಂತು, "ಮೇಡಮ್ಮೋರೇ, ಒಳಗೆ ಬರಬಹುದಾ?" ಎನ್ನುತ್ತಿದ್ದರು. "ಕಾಫಿ ಇದ್ರೆ ಬನ್ನಿ" ಎಂದು ಇವರು ತಲೆ ಎತ್ತದೆ ಹೇಳುತ್ತಿದ್ದರು. ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರು ಮಾತೆತ್ತಿದ್ದನ್ನು ನಾನು ಕೇಳಲಿಲ್ಲ, ನಾನೂ ಕೇಳಲು ಹೋಗಲಿಲ್ಲ.

ಮೊದಲ ಕೆಲವು ವಾರ ಅವರು ನನಗೆ ಕಂಪ್ಯೂಟರು ಮುಟ್ಟಲೇ ಕೊಡಲಿಲ್ಲ. ಕೈ ಮಾತ್ರ ತೊಳೆಸಿಕೊಂಡರು. ಅಟ್ಟದಿಂದ ಅಳಗುಳಿ ಮಣೆ ಇಳಿಸಿ ಚಾಪೆ ಮೇಲಿಟ್ಟು, ಒಂದು ಬಟ್ಟಲು ಹುಣಿಸೆ ಬೀಜ ಕೊಟ್ಟರು. ನಾನು ಆಟ ಆಡಿಸುತ್ತಾರೇನೋ ಅಂದುಕೊಂಡೆ.

"ಈ ಬೀಜ ಎಲ್ಲ ನಿನ್ನ ಹೆಂಗಸರು. ಮೇಲಿನ ಸಾಲು ಸಭೆಗೆ ಹೋಗೋರು, ಕೆಳಗಿನ ಸಾಲು ಹೋಗದೆ ಇರೋರು. ಈ ಗುಳಿ ಓದು ಬಾರದೋರು, ಇದು ನಾಲ್ಕನೇ ಕ್ಲಾಸು, ಇದು ಹೈಸ್ಕೂಲು. ಒಬ್ಬೊಬ್ಬರನ್ನಾಗಿ ಕೂರಿಸ್ತಾ ಹೋಗು."

ನಾನು ಕೂರಿಸಿದೆ. ಯಾವ ಗುಳಿಗೂ ಸೇರದ, ಓದಿದ್ದಾಳೋ ಇಲ್ಲವೋ ಗೊತ್ತಿಲ್ಲದ ಒಬ್ಬಳ ಬೀಜ ಕೈಯಲ್ಲಿ ಉಳಿಯಿತು. ಅದನ್ನು ಸುಮ್ಮನೆ ಬಟ್ಟಲಿಗೆ ಹಾಕಿದೆ.

"ಅದ್ಯಾಕೆ ಅವಳನ್ನ ಮನೆಗೆ ಕಳಿಸ್ದೆ? ಚಾಪೆ ಮೇಲೆ, ಪಕ್ಕದಲ್ಲಿ ಕೂರ್ಸು. ಅವಳಿಗೂ ಒಂದು ಜಾಗ ಬೇಕು."

ಹೀಗೆ ನಾನು ಎರಡು ವಿಷಯ ಒಟ್ಟಿಗೆ ಇಟ್ಟು ಎಣಿಸುವ ಕ್ರಾಸ್ ಟ್ಯಾಬ್ಯುಲೇಶನ್ ಕಲಿತದ್ದು. ಕಾಲೇಜಿನಲ್ಲಿ ನನಗೆ ಇದನ್ನೇ ಬೋರ್ಡಿನ ಮೇಲೆ ಬರೆದು ಹೇಳಿದ್ದಾಗ ತಲೆಗೆ ಹತ್ತಿರಲಿಲ್ಲ. ಕೊನೆಗೂ ಕಂಪ್ಯೂಟರಿನ ಮುಂದೆ ಕೂರಿಸಿದಾಗ ಆ ಕಪ್ಪು ಪರದೆ, ಮಿಟುಕುವ ಗೆರೆ, ಒಂದೊಂದು ಸಾಲಾಗಿ ಆಜ್ಞೆ ಬರೆಯುವುದು ಎಲ್ಲ ನನಗೆ ಹೊಸತು, ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದೆ. ಆಜ್ಞೆಯ ಕೊನೆಗೆ ಒಂದು ಚುಕ್ಕಿ ಇಡದಿದ್ದರೆ ಅದು ಏನೂ ಮಾಡದೆ ಹಾಗೇ ನಿಂತುಬಿಡುತ್ತಿತ್ತು. ಕೆಟ್ಟುಹೋಯಿತು ಎಂದು ಗಾಬರಿಯಾದರೆ ಅವರು, "ಕೆಟ್ಟಿಲ್ಲ. ನೀನು ಮಾತು ಮುಗಿಸಿಲ್ಲ, ಅದು ಕಾಯ್ತಾ ಇದೆ. ಅದಕ್ಕೆ ನಾಚಿಕೆ ಇಲ್ಲ, ದಾಕ್ಷಿಣ್ಯ ಇಲ್ಲ ಅಮ್ಮಿ. ಹೇಳಿದ್ದನ್ನ ಮಾಡ್ತದೆ, ಹೇಳದೇ ಇದ್ದದ್ದನ್ನ ಮಾಡಲ್ಲ. ನಮ್ಮ ಹಾಗಲ್ಲ" ಎನ್ನುತ್ತಿದ್ದರು. ಒಂದು ಸಲ ತಪ್ಪು ತಪ್ಪು ಎಂದು ಅದು ತೋರಿಸುತ್ತಲೇ ಹೋದಾಗ ನಾನು ಕಣ್ಣೀರು ಹಾಕಿದೆ. ಕೀಲಿಮಣೆ ಮೇಲೆ ಬೀಳದಂತೆ ಕುರ್ಚಿ ಹಿಂದಕ್ಕೆಳೆದರು. ಆಮೇಲೆ ಅವರೆಕಾಳು ಉಪ್ಪಿಟ್ಟು ತಂದುಕೊಟ್ಟು, ತಿನ್ನುವವರೆಗೂ ಎದುರಿಗೇ ಕೂತಿದ್ದರು.

ನನ್ನ ಹತ್ತಿರ ಎರಡು ಬಗೆಯ ಮಾಹಿತಿಯಿತ್ತು. ಒಂದು, ಹೆಂಗಸರು ನನಗೆ ಹೇಳಿದ ಉತ್ತರಗಳು. ಇನ್ನೊಂದು, ಪಂಚಾಯ್ತಿ ಕಚೇರಿಗಳಿಂದ ತಂದದ್ದು: ಯಾರು ಸಭೆಗೆ ಬಂದಿದ್ದರು, ಯಾರು ಯಾವ ವಿಷಯ ಎತ್ತಿದರು. ಇವೆರಡನ್ನೂ ಒಬ್ಬೊಬ್ಬಳಿಗೂ ಹೊಂದಿಸಬೇಕು. ಒಂದೇ ಪಂಚಾಯ್ತಿಯಲ್ಲಿ ಇಬ್ಬರು ಜಯಮ್ಮಂದಿರು, ಇಬ್ಬರು ಲಕ್ಷ್ಮಮ್ಮಂದಿರು ಇರುತ್ತಿದ್ದರು. ಕಚೇರಿಯ ಕಾಗದಗಳಲ್ಲಿ ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಹಾಕಿ ಗಂಡನ ಹೆಸರು ಬರೆಯುವುದು ವಾಡಿಕೆ. ನನ್ನ ಪ್ರಶ್ನಾವಳಿಯಲ್ಲೂ ಗಂಡನ ಹೆಸರಿನ ಕಾಲಮ್ಮಿತ್ತು. ಹಾಗಾಗಿ ಹೆಂಗಸಿನ ಹೆಸರು, ಗಂಡನ ಹೆಸರು ಎರಡೂ ಕೂಡಿಬಂದರೆ ಜೋಡಿಸು ಎಂದು ಮೇಡಂ ಪ್ರೋಗ್ರಾಮು ಬರೆದರು. ಅದು ನನ್ನ ಶಕ್ತಿಗೆ ಮೀರಿದ ಕೆಲಸವಾಗಿತ್ತು.

ಅದನ್ನು ಓಡಿಸಿದ ದಿನ ಸಂಜೆ ಕರೆಂಟು ಹೋಗುವ ಹೊತ್ತು ಹತ್ತಿರವಾಗಿತ್ತು. ಪ್ರಿಂಟರು ಕರಕರ ಎನ್ನುತ್ತ ಕಾಗದ ಉಗುಳುತ್ತಿದ್ದ ಹಾಗೇ ಹರಿದುಕೊಂಡೆವು. ‘ಸಭೆಯಲ್ಲಿ ಏನು ಹೇಳಬೇಕೆಂದು ತೀರ್ಮಾನಿಸುವವರು ಯಾರು’ ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ: ಯಜಮಾನರು. ಮೈಸೂರಿಗೆ ಒಯ್ದು ತೋರಿಸಿದಾಗ ಗೈಡು ಅದನ್ನು ನೋಡಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅವರು ಮೊದಲಿನಿಂದ ಹೇಳುತ್ತಿದ್ದದ್ದೂ ಅದೇ. ಒಂದು ವಿಚಾರ ಸಂಕಿರಣದಲ್ಲಿ ನನ್ನ ಕೈಲಿ ಓದಿಸಿದರು, ತಾವೂ ಒಂದು ಲೇಖನ ಬರೆದರು. ಇನ್ನು ಪ್ರಬಂಧ ಬರೆದು ಒಪ್ಪಿಸುವುದೊಂದೇ ಬಾಕಿ. ಬೇಸಿಗೆ ರಜೆ ಕಳೆಯುವುದರೊಳಗೆ ಒಪ್ಪಿಸದಿದ್ದರೆ ನನ್ನ ನೋಂದಣಿ ರದ್ದಾಗುತ್ತಿತ್ತು. ಆಗಲೇ ಒಮ್ಮೆ ಗಡುವು ಮುಂದೂಡಿಸಿಕೊಂಡಿದ್ದೆ, ಇನ್ನೊಮ್ಮೆ ಕೊಡುವುದಿಲ್ಲ ಎಂದಿದ್ದರು.

ಅಷ್ಟರಲ್ಲಿ ಒಂದು ದಿನ ನಾಗಮಂಗಲದ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ಕೂತಳು. ಆ ತಾಲ್ಲೂಕಿನ ಒಂದು ಹಳ್ಳಿಯ ಪಂಚಾಯ್ತಿ ಸದಸ್ಯೆ. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವಳನ್ನು ನಾನೇ ಹೋಗಿ ಮಾತಾಡಿಸಿದ್ದೆ. ಗುರುತು ಹಿಡಿದಳು, ಕೈ ಹಿಡಿದುಕೊಂಡಳು, ಊರಿನ ಸುದ್ದಿ ಶುರು ಮಾಡಿದಳು.

"ಬೋರ್‌ವೆಲ್ನ ನಮ್ಮನೆ ಮುಂದ್ಕೇ ಆಕುಸ್ಬೇಕು ಅಂತ ನಮ್ಮೋರು ಅಟ ಇಡ್ಕಂಡ್ರು ಕನವ್ವ. ನಾನು ಮೀಟಿಂಗ್ನಾಗೆ, ಬ್ಯಾಡ, ಆ ಕೇರಿ ತಾವ ಆಕಿ, ಅವ್ರಿಗೆ ನೀರಿಲ್ಲ ಅಂದ್ಬುಟ್ಟೆ. ಅದೆಷ್ಟೋ ದಿನ ನನ್ ತಾವ ಮಾತಾಡ್ನಿಲ್ಲ. ಮಾತಾಡ್ದಿದ್ರೆ ಬುಡ್ಲಿ ಅತ್ಲಾಗೆ, ಮನೆ ತಣ್ಣಗಿತ್ತು."

ಆ ಭಾನುವಾರ ಮೇಡಂಗೆ ಇದನ್ನು ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಎಲ್ಲಿ, ತೆಗಿ ಅವಳನ್ನ. ಕಂಪ್ಯೂಟರಲ್ಲಿ ಹೇಗಿದಾಳೆ ನೋಡೋಣ" ಎಂದರು.

ತೆಗೆಯಲು ಹೋದರೆ ಅವಳು ಇಲ್ಲ. ಊರಿನ ಹೆಸರು ತಪ್ಪು ಹೊಡೆದೆನೇನೋ ಎಂದು ಮತ್ತೆ ನೋಡಿದೆ. ಇಲ್ಲ. ನಾನು ತುಂಬಿಸಿದ್ದ ಮೊದಲಿನ ಫೈಲಿನಲ್ಲಿ ಇದ್ದಾಳೆ, ಜೋಡಿಸಿದ ಮೇಲಿನದರಲ್ಲಿ ಇಲ್ಲ. ಮೇಡಂ ಒಂದು ಕಣ್ಣು ಮುಚ್ಚಿ ಕತ್ತು ಚಾಚಿದರು. ಕೆಳಗಿನ ಒಟ್ಟು ನೋಡಿದರು. ಆ ಸಂಜೆ ಕರೆಂಟಿನ ಅವಸರದಲ್ಲಿ ಇಬ್ಬರೂ ನೋಡದೆ ಬಿಟ್ಟಿದ್ದ ಒಟ್ಟು.

"ಅಮ್ಮಿ, ಅರ್ಧಕ್ಕರ್ಧ ಜನ ಇಲ್ಲಿಲ್ಲ ಕಣೆ."

ನಾನು ಎದ್ದು ನಿಂತುಬಿಟ್ಟೆ. ಅವರು ಗಾಬರಿಯಾಗಲಿಲ್ಲ. "ಬಾಯಿ ತುಂಬ ಮಾತಾಡಿದೋರು ಯಾರ್ಯಾರು ನೆನಪಿದಾರೆ ಹೇಳು" ಎಂದರು. ಪಾಂಡವಪುರದ ಕಡೆ ಕಬ್ಬಿನ ಸೋಗೆ ಕಟ್ಟುತ್ತಿದ್ದವಳನ್ನು ಹೇಳಿದೆ. ಇಲ್ಲ. ಕೆ.ಆರ್. ಪೇಟೆಯ ಹತ್ತಿರ ಚಿಲ್ಲರೆ ಅಂಗಡಿ ಇಟ್ಟಿದ್ದವಳು. ಅವಳೂ ಇಲ್ಲ. "ಈಗ ಗಂಡ ಜಗಲಿ ಮೇಲೆ ಕೂತು ತಾನೇ ಉತ್ತರ ಹೇಳಿದ್ನಲ್ಲ, ಅಂಥೋರನ್ನ ಹೇಳು." ಹೇಳಿದೆ. ಅವರೆಲ್ಲ ಒಬ್ಬರೂ ತಪ್ಪದೆ ಇದ್ದರು.

"ಆ ರಾಗಿ ಹೊಲದೋಳು ಒಬ್ಬಳೇ ಇದ್ಲಾ?"

"ಒಬ್ಬಳೇ."

"ಗಂಡನ ಹೆಸರು ಹೇಳಿದ್ಲಾ?"

ನೆನಪಾಯಿತು. ಮಣ್ಣಾದ ಕೈಯನ್ನೇ ಬಾಯಿಗಡ್ಡ ಹಿಡಿದು ನಕ್ಕಿದ್ದಳು. "ಅದ್ನೆಲ್ಲ ಬಾಯ್ಬುಟ್ಟು ಏಳಕ್ಕಾಯ್ತದಾ, ಓಗವ್ವ" ಎಂದಿದ್ದಳು. ನಾನೂ ಈ ನೆಲದವಳೇ. ಗಂಡನ ಹೆಸರು ಹೇಳು ಎಂದು ಯಾವ ಹೆಂಗಸನ್ನಾದರೂ ಒತ್ತಾಯ ಮಾಡುವುದುಂಟೆ? ಆ ಜಾಗ ಖಾಲಿ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಗಂಡ ಪಕ್ಕದಲ್ಲಿದ್ದ ಕಡೆ ಅವನೇ ತನ್ನ ಹೆಸರು ಹೇಳಿದ್ದ. ಆ ಜಾಗ ತುಂಬಿತ್ತು. ಖಾಲಿ ಇದ್ದವರಿಗೆ ಜೋಡಿ ಸಿಗಲಿಲ್ಲವೆಂದು ಪ್ರೋಗ್ರಾಮು ಸದ್ದಿಲ್ಲದೆ ಅವರನ್ನು ಆಚೆಗೆ ಹಾಕಿತ್ತು. ಉಳಿದವರು ಗಂಡನ ಎದುರು ಕೂತು ಮಾತಾಡಿದವರಷ್ಟೇ. ಅವರು ಯಜಮಾನರು ಎನ್ನದೆ ಇನ್ನೇನೆಂದಾರು.

ಮೇಡಂ ಕುರ್ಚಿಯನ್ನು ಅಡುಗೆಮನೆ ಕಡೆಗೆ ತಿರುಗಿಸಿದರು. ಯಜಮಾನರನ್ನು ಕರೆದರು. "ರೀ, ಒಂಚೂರು ಬನ್ನಿ."

ಅವರು ಲೋಟ ಒರೆಸುತ್ತ ಬಂದರು.

"ನಾನು ಯಾವತ್ತಾದ್ರೂ ನಿಮ್ಮ ಹೆಸರು ಹೇಳಿದೀನಾ?"

"ಮದುವೆ ಮನೆಯಲ್ಲಿ ಎಲ್ಲಾರೂ ಸೇರಿ ಕಾಡಿ ಹೇಳಿಸಿದ್ರಲ್ಲ. ಅದೂ ನನಗೆ ಸರಿಯಾಗಿ ಕೇಳಿಸ್ಲಿಲ್ಲ" ಎಂದರು ಅವರು.

"ನೋಡು ಅಮ್ಮಿ. ನಾನು ಎಮ್ಮೆಸ್ಸಿ ಓದಿದೋಳು, ನಾನೇ ಹೇಳದ ಹೆಸರನ್ನ ಆ ಹೆಂಗಸರೆಲ್ಲ ಹೇಳ್ಬೇಕು ಅಂತ ಪ್ರೋಗ್ರಾಮ್ ಬರೆದಿದೀನಿ" ಎಂದು ನಕ್ಕರು. ಆದರೆ ಆ ನಗುವಿನಲ್ಲಿ ಸದ್ದಿರಲಿಲ್ಲ.

ನಾನು ಮೈಸೂರಿಗೆ ಓಡಿದೆ. ಗೈಡು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಈಗ ಇದನ್ನೆಲ್ಲ ಕೆದಕಬೇಡ. ಇದ್ದದ್ದನ್ನ ಇದ್ದ ಹಾಗೆ ಕೊಟ್ಟು ಮುಗಿಸು. ಗಡುವು ನೆನಪಿದೆಯಲ್ಲ" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅದು ಸರಿಯೆಂದೇ ತೋರಿತು. ಖಾಯಂ ಕೆಲಸ, ನಮ್ಮಪ್ಪನ ಮುಂದೆ ತಲೆ ಎತ್ತಿ ನಿಲ್ಲುವುದು, ಎಲ್ಲ ಅದೊಂದು ಪ್ರಬಂಧದ ಮೇಲೆ ನಿಂತಿತ್ತು. ಮೇಡಂಗೆ ಹೇಳಿದೆ. ಬೈಯುತ್ತಾರೆಂದು ಕಾದೆ.

"ಥೀಸಿಸ್ ನಿಂದು. ನಾನೇನೂ ಹೇಳಲ್ಲ" ಎಂದರು. ಕಂಪ್ಯೂಟರಿಗೆ ಸೀರೆ ಹೊದಿಸಿದರು.

ಬಾಯಿ ಜೋರಿನ ಮನುಷ್ಯರು ಏನೂ ಹೇಳುವುದಿಲ್ಲ ಎಂದರೆ ಎಷ್ಟು ಕಷ್ಟವಾಗುತ್ತದೆಂದು ಆವತ್ತು ಗೊತ್ತಾಯಿತು. ಎರಡು ದಿನ ಬಿಟ್ಟು ಮತ್ತೆ ಹೋದೆ. ಬಾಗಿಲು ತೆಗೆದವರು ಅವರ ಯಜಮಾನರು.

"ಮೇಡಮ್ಮೋರು ಬೆಳಿಗ್ಗೆಯೇ ಪಾಂಡವಪುರದ ಬಸ್ಸು ಹತ್ತವ್ರೆ. ಬೇಡ ಅಂದೆ. ಮಂಡಿ ಊದಿಕೊಂಡಿದೆ. ಯಾರೋ ಹೆಂಗಸರು ಕಾಣೆಯಾಗವ್ರಂತೆ, ಹುಡುಕ್ಬೇಕಂತೆ."

ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದ ಮನುಷ್ಯರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಪ್ರಬಂಧ, ನನ್ನ ಹೆಂಗಸರು, ಇವರು ಯಾರು ಹೋಗಲು ಎಂದು ಬೈದುಕೊಂಡೇ ಮುಂದಿನ ಬಸ್ಸು ಹಿಡಿದೆ. ಪಾಂಡವಪುರದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಮೇಡಂ ಒಂದು ಕಾಲು ನೀಡಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದರು. ಸಿಪ್ಪೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡಿದ್ದರು.

"ಬಂದ್ಯಾ. ಮೇಲುಕೋಟೆ ಬಸ್ಸು ಯಾವಾಗ ಕೇಳು" ಎಂದರು. ಬೈಯಲೆಂದು ಬಂದಿದ್ದವಳು ಬಸ್ಸಿನ ಹೊತ್ತು ಹೇಳುವವನ ಹತ್ತಿರ ಹೋದೆ. ಕೇಳಿಕೊಂಡು ಬಂದೆ.

ಮೊದಲ ಮನೆಯಲ್ಲಿ ಮೇಡಂ ನೇರವಾಗಿ ಗಂಡನ ಹೆಸರೇ ಕೇಳಿದರು. ಆ ಹೆಂಗಸು ನಾಚಿ, "ಬೆಟ್ಟದ ಮ್ಯಾಲೆ ವೈರಮುಡಿ ಇಕ್ಕತಾನಲ್ಲ, ಆ ದ್ಯಾವ್ರೆಸ್ರು" ಎಂದಳು. "ಚೆಲುವೇಗೌಡ್ರಾ?" ಎಂದರೆ ಗೋಣು ಆಡಿಸಿದಳು. ಮುಂದಿನವಳು, "ಕರಿಘಟ್ಟದಾಗೆ ಅವ್ನಲ್ಲ" ಎಂದಳು. ಶ್ರೀನಿವಾಸ ಎಂದು ಬರೆದುಕೊಂಡೆವು. ಮೂರನೆಯವಳ ಗಂಡನಿಗೆ ಯಾವ ದೇವರ ಹೆಸರೂ ಇರಲಿಲ್ಲ. ಅವಳು ಹೂವು ಅಂದಳು, ಹಣ್ಣು ಅಂದಳು, ನಾವು ಏನೇನೋ ಊಹಿಸಿದೆವು, ಅವಳು ನಗು ತಡೆಯಲಾರದೆ ಒಳಗೆ ಓಡಿದಳು. ಕೊನೆಗೆ ಅವಳ ಅತ್ತೆ, "ಅದಕ್ಯಾಕೆ ಅಷ್ಟೊಂದು ಕಷ್ಟ ಪಡ್ತೀರಿ, ನನ್ ಮಗ್ನೆಸ್ರು ನಾನ್ ಏಳ್ತೀನಿ" ಎಂದು ಹೇಳಿದಳು.

ವಾಪಸು ಬರುವ ಬಸ್ಸಿನಲ್ಲಿ ಮೇಡಂ ನಾವು ಬರೆದುಕೊಂಡಿದ್ದ ಹೆಸರುಗಳನ್ನು ತಿರುವಿ ನೋಡಿದರು.

"ಅಮ್ಮಿ, ನಮಗೆ ಇವರ ಗಂಡಂದಿರು ಯಾಕೆ ಬೇಕು?"

"ಜೋಡಿಸೋಕೆ, ಮೇಡಂ."

"ಯಾವ ಊರಿಂದ ಯಾವ ಮೀಸಲು ಸೀಟಲ್ಲಿ ಗೆದ್ಲು ಅಂತ ಅವಳಿಗೇ ಗೊತ್ತಲ್ಲ. ಕಚೇರಿ ಕಾಗದದಲ್ಲೂ ಅದಿದೆ. ಅದರಲ್ಲೇ ಜೋಡಿಸಿದ್ರೆ ಆಯ್ತಲ್ಲ. ಕೋಂ ಅಂತ ಇದೆ ಅಂದ ತಕ್ಷಣ ನಾನೂ ಅದಕ್ಕೇ ಗಂಟು ಬಿದ್ದೆ ನೋಡು."

ಆ ರಜೆ ಪೂರ್ತಿ ನಾವಿಬ್ಬರೂ ನಾಲ್ಕು ತಾಲ್ಲೂಕು ಸುತ್ತಿದೆವು. ಕೇಳುತ್ತಿದ್ದದ್ದು ಒಂದೇ: ನಿನ್ನ ಸೀಟು ಯಾವುದವ್ವ? ಅದನ್ನು ಹೇಳಲು ಒಬ್ಬಳೂ ನಾಚಲಿಲ್ಲ. ಕೆಲವರು ಎದ್ದು ನಿಂತು ಹೇಳಿದರು. ಮೇಡಂ ಹೋದ ಕಡೆಯೆಲ್ಲ ಜಗಲಿ ಮೇಲೆ ಕಾಲು ನೀಡಿ ಕೂತುಬಿಡುತ್ತಿದ್ದರು. ಆ ಮಂಡಿ ನೋಡಿ ಪ್ರತಿಯೊಂದು ಊರಿನಲ್ಲೂ ಒಂದೊಂದು ಔಷಧಿ ಹೇಳಿದರು. ನಾಗಮಂಗಲದ ಆ ರಾಗಿ ಹೊಲದವಳು ಹೇಳಲು ಹೋಗದೆ ಹರಳೆಣ್ಣೆ ಬಿಸಿ ಮಾಡಿ ತಂದು ತಾನೇ ತಿಕ್ಕಿದಳು. "ಎಂಗ್ ಊತ್ಕಂಡದೆ ನೋಡು. ಇಂಥ ಕಾಲ್ನಾಗೆ ನನ್ನ ಉಡಿಕ್ಕಂಡ್ ಬಂದ್ರಾ?" ಎಂದು ಬೈದಳು. ಮೇಡಂ ಕಣ್ಣು ಮುಚ್ಚಿ ಗೋಡೆಗೆ ಒರಗಿ, ಮರುಮಾತಾಡದೆ ತಿಕ್ಕಿಸಿಕೊಂಡರು. ಅವರು ಯಾರ ಬಾಯಿಂದಲಾದರೂ ಸುಮ್ಮನೆ ಬೈಸಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೊಸ ಪ್ರೋಗ್ರಾಮನ್ನು ಅವರು ಬರೆಯಲಿಲ್ಲ. ನನ್ನನ್ನು ಕೂರಿಸಿ, ತಾವು ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಹಿಂದೆ ನಿಂತರು, ಕೈ ಮುಂದೆ ಹೋಗದಿರಲಿ ಎಂದು. ನಾನು ಸಾಲು ಸಾಲಾಗಿ ಹೊಡೆದೆ, ಚುಕ್ಕಿ ಇಟ್ಟೆ. ಮೊದಲು ಕೆಳಗಿನ ಒಟ್ಟು ನೋಡಿದೆ. ಊರು ಬಿಟ್ಟು ಹೋಗಿದ್ದ ಕೆಲವರನ್ನು ಬಿಟ್ಟರೆ ಎಲ್ಲರೂ ಬಂದಿದ್ದರು. ಗಂಡನ ಎದುರು ಮಾತಾಡಿದವರು ಯಜಮಾನರು ಎಂದಿದ್ದರು. ಒಂಟಿಯಾಗಿ ಸಿಕ್ಕಿದವರಲ್ಲಿ ಬಹಳ ಜನ ನಾನೇ ಎಂದಿದ್ದರು. ಕಚೇರಿಯ ಕಾಗದವೂ ಅವರ ಮಾತಿಗೆ ಸರಿಯಾಗಿ ನಿಂತಿತ್ತು: ಅವರು ಸಭೆಗೆ ಹೋಗಿದ್ದರು, ಮಾತೆತ್ತಿದ್ದರು. ಮೇಡಂ ಪರದೆಯ ಮೇಲೆ ನಾಗಮಂಗಲದವಳ ಸಾಲು ಹುಡುಕಿ ಬೆರಳಿಟ್ಟು, "ಬಂದ್ಯೇನವ್ವ" ಎಂದರು. ನನಗೆ ಆಗ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ತಬ್ಬಿಕೊಂಡೆ ಕೂಡ. "ಬುಡು, ಬುಡು, ಕಂಪ್ಯೂಟರು ಬೀಳ್ತದೆ" ಎಂದರು.

ಪ್ರಬಂಧ ತೆಗೆದುಕೊಂಡು ಗೈಡಿನ ಮನೆಗೆ ಇಬ್ಬರೂ ಹೋದೆವು. ಒಪ್ಪಿಸಲು ಮಾರನೆಯ ದಿನವೇ ಕೊನೆ, ಅವರ ಸಹಿ ಬೇಕಿತ್ತು. ಅವರು ಕೋಷ್ಟಕಗಳನ್ನು ತಿರುವಿ ತಿರುವಿ ನೋಡಿದರು. ಕೆಟ್ಟ ಮನುಷ್ಯರೇನಲ್ಲ. ಅವರ ಲೇಖನ ಅಚ್ಚಾಗಿ ಹೋಗಿತ್ತು, ಅದು ಅವರ ಸಂಕಟ.

"ಸರಿ, ಇದು ಸರಿ ಅಂತಲೇ ಇಟ್ಕೊಳ್ಳೋಣ. ಹೋದ ಸಲದ್ದು ಯಾಕೆ ತಪ್ಪಾಯ್ತು ಅಂತ ಒಂದು ಪುಟ ಬರೀಬೇಕಲ್ಲ. ಉತ್ತರ ಕೊಟ್ಟ ಮಹಿಳೆಯರು ಅನಕ್ಷರಸ್ಥರು, ಮಾಹಿತಿಯನ್ನ ಅರ್ಧಂಬರ್ಧ ಕೊಟ್ಟಿದ್ರು ಅಂತ ಬರಿ. ಈಗಲೇ ಸಹಿ ಹಾಕ್ತೀನಿ."

ಪೆನ್ನು ಅವರ ಕೈಯಲ್ಲಿತ್ತು. ನಾನು ಮೇಡಂ ಕಡೆ ನೋಡಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳವ್ರೆ ಸಾರ್. ಕೇಳಬಾರದ್ದನ್ನ ಕೇಳಿ, ಹೇಳ್ಲಿಲ್ಲ ಅಂತ ಅವರನ್ನ ಆಚೆ ಹಾಕಿದ್ದು ನಾನು ಬರೆದ ಪ್ರೋಗ್ರಾಮು. ಹಂಗೇ ಬರೀಲಿ. ನನ್ನ ಹೆಸರು ಹಾಕೇ ಬರೀಲಿ."

"ನಿಮ್ಮ ಹೆಸರಿಗ್ಯಾಕೆ ಮಸಿ, ಮೇಡಂ? ಇಷ್ಟು ವರ್ಷ ಸರ್ವಿಸ್ ಮಾಡಿದೀರಿ."

"ಯಾರ ಮೇಲಾದ್ರೂ ಹಾಕ್ಲೇಬೇಕು ಅಂದ್ರೆ ನನ್ನ ಮೇಲೆ ಹಾಕಿ. ನಾನು ಇನ್ನೇನು ರಿಟೈರಾಗ್ತೀನಿ. ಅವರು ಇನ್ನೊಂದು ಎಲೆಕ್ಷನ್ ನಿಲ್ಲಬೇಕು."

ಗೈಡು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಸಹಿ ಮಾಡಿದರು.

ಆ ಪುಟವನ್ನು ನಾನು ಆ ರಾತ್ರಿಯೇ ಮೇಡಂ ಮನೆಯ ಹಜಾರದಲ್ಲಿ ಕೂತು ಬರೆದೆ. ಯಂತ್ರದ ದೋಷ, ತಾಂತ್ರಿಕ ಕಾರಣ ಎಂದೆಲ್ಲ ಸುತ್ತಿ ಬಳಸಿ ನೋಡಿದೆ. ಅವರು ಒಂದೊಂದನ್ನೂ ಹೊಡೆದು, ಪ್ರೋಗ್ರಾಮು ಬರೆದವರ ತಪ್ಪು ಎಂದು ಮಾಡಿಸಿ, ಮುಂದೆ ತಮ್ಮ ಹೆಸರು ಬರೆಸಿದರು. ಆಮೇಲೆ ಪ್ರಬಂಧದ ಮೊದಲ ಪುಟಗಳನ್ನು ತೆಗೆದರು. ಕೃತಜ್ಞತೆಯ ಭಾಗದಲ್ಲಿ ನಾನು ಅವರ ಬಗ್ಗೆ ಬರೆದಿದ್ದದ್ದನ್ನು ಓದಿದರು. ಎರಡು ಸಲ ಓದಿದರು. ಅಡ್ಡಗೆರೆ ಎಳೆದು ಪೂರ್ತಿ ಹೊಡೆದುಹಾಕಿದರು.

"ಇಲ್ಲಿ ಹೊಗಳಿ ಅಲ್ಲಿ ತಪ್ಪು ಅಂದ್ರೆ ಓದಿದೋರು ಅದನ್ನ ನಂಬಲ್ಲ ಕಣೆ. ಯಾರನ್ನೋ ಉಳಿಸೋಕೆ ಈ ಯಮ್ಮ ಹೆಸರು ಕೊಟ್ಟವ್ಳೆ ಅಂದ್ಕೋತಾರೆ. ಆಗ ತಪ್ಪು ತಿರುಗಿ ಆ ಹೆಂಗಸರ ತಲೆ ಮೇಲೇ ಬೀಳ್ತದೆ."

ನಾನು ಜಗಳ ಮಾಡಿದೆ, ಅತ್ತೂಬಿಟ್ಟೆ. ಅವರ ಯಜಮಾನರು ಬಾಗಿಲಲ್ಲಿ ನಿಂತು, "ಹೋಗ್ಲಿ ಬಿಡಮ್ಮ, ಗೆಲ್ಲಕ್ಕಾಗಲ್ಲ" ಎಂದರು.

ನನಗೆ ಪಿಎಚ್‌ಡಿ ಬಂತು, ಕೆಲಸ ಖಾಯಂ ಆಯಿತು, ನಿವೃತ್ತಿಯೂ ಆಯಿತು. ಆ ಪ್ರಬಂಧ ಈಗಲೂ ಗ್ರಂಥಾಲಯದಲ್ಲಿದೆ. ಸಂಶೋಧನೆ ಮಾಡುವ ಮಕ್ಕಳು ಆಗಾಗ ಬಂದು, ಇಂಥ ಪುಟದಲ್ಲಿ ತಪ್ಪು ಮಾಡಿದ್ದಾರೆ ಅಂತ ಒಬ್ಬರ ಹೆಸರಿದೆಯಲ್ಲ, ಅವರು ಯಾರು ಮೇಡಂ ಎಂದು ಕೇಳುತ್ತಾರೆ. ನನ್ನ ಗುರುಗಳು ಎನ್ನುತ್ತೇನೆ. ಅವರು ನನ್ನ ಮುಖವನ್ನು ವಿಚಿತ್ರವಾಗಿ ನೋಡುತ್ತಾರೆ. ಮೇಡಂ ಹೆಸರು ಅಚ್ಚಿನಲ್ಲಿ ಉಳಿದಿರುವುದು ಅದೊಂದೇ ಕಡೆ, ಅದನ್ನು ಅಲ್ಲಿ ಬರೆದದ್ದು ನನ್ನ ಕೈ. ಇಲ್ಲಾದರೂ ಆ ಹೆಸರು ಬರೆದು, ಜೊತೆಗೆ ನಾಲ್ಕು ಒಳ್ಳೆಯ ಮಾತು ಸೇರಿಸೋಣ ಎಂದು ಈ ಹಾಳೆ ಮುಂದಿಟ್ಟುಕೊಂಡು ಕೂತೆ. ಬರೆದೆ. ಆಮೇಲೆ ಆ ಪುಟ ನೆನಪಾಗಿ ನಾನೇ ಹೆಸರಿಗೆ ಅಡ್ಡಗೆರೆ ಎಳೆದು ಹೊಡೆದುಹಾಕಿದೆ.